ಮಡಿಕೇರಿಗೆ ಒಂಬತ್ತು ಮಂದಿ

ದರ್ಬೆ, ಪುತ್ತೂರು
೨೩ ಫೆಬ್ರವರಿ ೨೦೨೫

ಪ್ರೀತಿಯ ಸುಹರಾ,

ಹೇಗಿದ್ದೀ? ಮಗ ರಮೀಝ್, ಅವನ ಹೆಂಡತಿ ಎಲ್ಲ ಸೌಖ್ಯವೆಂದು ನಂಬಿದ್ದೇನೆ. ಕಡಬದ ಹೊಸ ಮನೆಯ ಬಾವಿಯಲ್ಲಿ ನೀರು ನಿಂತಿತೇ? ಬರೆಯುತ್ತೇನೆ, ಬರೆಯುತ್ತೇನೆ ಎಂದು ತಿಂಗಳು ಕಳೆದೆ. ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತದ್ದೇ ಒಳ್ಳೆಯದಾಯಿತು, ಬಾಯಲ್ಲಿ ಹೇಳಲು ಹೊರಟರೆ ನಾನು ಹೇಗೂ ಜಾರಿಕೊಳ್ಳುತ್ತೇನೆ. ರಂಜಾನಿನ ನೋಂಬು ಸುರುವಾಗುವ ಮೊದಲು ಈ ಕಾಗದ ನಿನ್ನ ಕೈಸೇರಲಿ.

ಕೆದಂಬಾಡಿಯ ಶಾಲೆಯಲ್ಲಿ ಒಟ್ಟಿಗೆ ಇದ್ದ ಹದಿನಾರು ವರ್ಷಗಳಲ್ಲಿ ನಾವಿಬ್ಬರೂ ಏಳನೇ ಕ್ಲಾಸಿನ ಮಕ್ಕಳನ್ನು ಆರು ಸಲ ಮಡಿಕೇರಿಗೆ ಕರೆದುಕೊಂಡು ಹೋಗಿದ್ದೇವೆ. ಸಂಪಾಜೆ ಘಾಟಿ ಹತ್ತುವಾಗ ವಾಂತಿ ಬಂದವರಿಗೆ ಲಿಂಬೆಹಣ್ಣು ಮೂಸಿಸುವುದು, ಇಳಿದಲ್ಲೆಲ್ಲ ತಲೆ ಎಣಿಸುವುದು, ಅಷ್ಟರಲ್ಲೇ ದಿನ ಮುಗಿಯುತ್ತಿತ್ತು. ಕೊನೆಯ ಸಲ ರಾಜಾಸೀಟಿನ ಬೆಂಚಿನಲ್ಲಿ ಕೂತು ನೀನು ಹೇಳಿದೆ: "ನಾವು ಮಡಿಕೇರಿ ನೋಡಿದ್ದಲ್ಲ ಅಕ್ಕ, ಬರೀ ತಲೆ ನೋಡಿದ್ದು. ರಿಟೈರ್ ಆದ ಮೇಲೆ ಒಂದು ದಿನ ನಿಧಾನಕ್ಕೆ ಬರುವ."

ಜನವರಿಯಲ್ಲಿ ನಿವೃತ್ತ ಟೀಚರುಗಳೆಲ್ಲ ಸೇರಿ ಅಲ್ಲಿಗೇ ಹೋಗುವುದೆಂದು ಕನ್ನಡ ಕಲಿಸುತ್ತಿದ್ದ ನಮ್ಮ ಹರಿಣಾಕ್ಷಿ ಹೊರಡಿಸಿದಳು. ಸುದ್ದಿ ತಿಳಿದು ನೀನು ಕೇಳಿದೆ, "ನಾನೂ ಬರುದಲ್ವಾ ಅಕ್ಕ?" "ಗಾಡಿ ಫುಲ್ ಆಯ್ತು ಮಾರಾಯ್ತಿ" ಎಂದೆ. ಆಗಿರಲಿಲ್ಲ. ಹರಿಣಾಕ್ಷಿ ಬೇಡವೆಂದಿದ್ದಳು. "ಈಗಿನ ಕಾಲದಲ್ಲಿ ಯಾರಾದ್ರೂ ಎಂತಾದ್ರೂ ಹೇಳ್ತಾರೆ, ಸುಮ್ಮನೆ ರಗಳೆ ಎಂತಕ್ಕೆ" ಎಂದಳು. ನಾನು ಎದುರಾಡಲಿಲ್ಲ.

ಆ ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಹೊರಟೆವು. ಸುಳ್ಯದಲ್ಲಿ ಹರಿಣಾಕ್ಷಿ ಹತ್ತಿದಳು. ಘಾಟಿಯುದ್ದಕ್ಕೂ ಹಾಡು, ನಗೆ. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಬರೆಯಲಿ. ಕೋಟೆಯ ಅಂಗಳದ ಎರಡು ಗಾರೆಯ ಆನೆಗಳ ನಡುವೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡೆವು. ಸುಳ್ಯದಿಂದ ಎದ್ದ ದಂಗೆಯವರನ್ನು ಇಂಗ್ಲಿಷರು ಇಲ್ಲಿ ಗಲ್ಲಿಗೇರಿಸಿದರು ಎಂದು ನೀನು ಮಕ್ಕಳಿಗೆ ಹೇಳುವಾಗ ಒಂದು ಪಿಳ್ಳೆಯೂ ಮಿಸುಕುತ್ತಿರಲಿಲ್ಲ. ನಾವು ಅಲ್ಲಿ ಕಾಲು ಗಂಟೆ ಇದ್ದೆವು. ಅದರಲ್ಲಿ ಹತ್ತು ನಿಮಿಷ ಫೋಟೋಕ್ಕೇ ಹೋಯಿತು.

ಆಮೇಲೆ ಗದ್ದಿಗೆ. ಕೊಡಗಿನ ರಾಜರ ಸಮಾಧಿ. ಮೇಲೆ ದೊಡ್ಡ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರ, ಬದಿಯಲ್ಲೇ ನಂದಿ. "ಇದೆಂತ, ಮಸೀದಿಯ ಹಾಗೆ ಉಂಟು?" ಎಂದು ಹರಿಣಾಕ್ಷಿ ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ಮೂವತ್ತೈದು ವರ್ಷ ಲೆಕ್ಕ ಕಲಿಸಿದವಳು ನಾನು, ಏನು ಹೇಳಲಿ? ಅಲ್ಲಿಯೇ ಮಕ್ಕಳನ್ನು ಸಾಲಾಗಿ ಕೂರಿಸಿ ನೀನು ಹೇಳುತ್ತಿದ್ದದ್ದು ನೆನಪಿತ್ತು: "ಕಟ್ಟಿಸಿದವರು ಯಾರು, ಕಟ್ಟಿದವರು ಯಾರು, ಎರಡೂ ಬರ್ಕೊಳ್ಳಿ ಮಕ್ಕಳೇ. ಒಂದೇ ಬರೆದ್ರೆ ಅರ್ಧ ಮಾರ್ಕು." ಅದನ್ನು ಹೇಳಬಹುದಿತ್ತು. ಹೇಳಿದರೆ ನಿನ್ನ ಹೆಸರು ಬರುತ್ತಿತ್ತು. "ಹಳೇ ಕಾಲದ್ದಲ್ವಾ, ಹಾಗೇ" ಎಂದುಬಿಟ್ಟೆ.

ಓಂಕಾರೇಶ್ವರನ ದೇವಸ್ಥಾನಕ್ಕೂ ಅಂಥದೇ ಗುಮ್ಮಟ. ನನ್ನ ಮಕ್ಕಳು, ಮೊಮ್ಮಕ್ಕಳು, ನನ್ನ ತಲೆನೋವು ಎಲ್ಲವನ್ನೂ ದೇವರಿಗೆ ಹೇಳಿಕೊಂಡೆ. ನಿನ್ನ ವಿಷಯ ಎತ್ತಲಿಲ್ಲ.

ಸಂಜೆ ರಾಜಾಸೀಟು. ಆ ಬೆಂಚಿನಲ್ಲಿ ಯಾರೋ ಕೂತಿದ್ದರು ಎಂದು ಬರೆಯಬಹುದಿತ್ತು. ಖಾಲಿಯೇ ಇತ್ತು. ಕೂರಲು ಮನಸ್ಸಾಗಲಿಲ್ಲ. ಕಾಲು ಸೋತರೂ ಬೇಲಿಯ ಹತ್ತಿರ ನಿಂತೇ ಹೊತ್ತು ಮುಳುಗಿಸಿದೆ. ಅಷ್ಟು ವರ್ಷ ಆಸೆಪಟ್ಟ ಊರು ಅಷ್ಟು ಕಹಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಹರಿಣಾಕ್ಷಿಯ ಸ್ಟೇಟಸ್ಸಿನಲ್ಲಿ ಗಾಡಿಯೆದುರು ನಾವೆಲ್ಲ ನಿಂತ ಫೋಟೋ ನೀನು ನೋಡಿದೆ. ನನಗೆ ಒಂದೇ ಸಾಲು ಕಳಿಸಿದೆ: "ಒಂಬತ್ತು ತಲೆ ಎಣಿಸಿದೆ ಅಕ್ಕ. ಗಾಡಿ ಹದಿಮೂರು ಸೀಟಿದ್ದಲ್ವಾ?" ಆಮೇಲೆ ನಿನ್ನಿಂದ ಒಂದು ಅಕ್ಷರವಿಲ್ಲ.

ಕೇಳುವ ಹಕ್ಕು ನಿನಗುಂಟು, ಬೈಯುವ ಹಕ್ಕೂ ಉಂಟು. ನೀನು ಸುಮ್ಮನಿರುವುದು ಮಾತ್ರ ನನ್ನಿಂದ ತಡೆಯಲಾಗುತ್ತಿಲ್ಲ. ಹರಿಣಾಕ್ಷಿಯ ಮಾತಿಗೆ ತಲೆಯಾಡಿಸಿದ್ದು ನನ್ನ ತಪ್ಪು. ಮನಸ್ಸು ಬಂದ ದಿನ ಒಂದು ಫೋನ್ ಮಾಡು. ರಮೀಝನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ನಿನ್ನ ನೋಂಬು ಸುಸೂತ್ರವಾಗಿ ನಡೆಯಲಿ, ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಕ್ಕ ಎಂದು ಬರೆಯಲು ಈಗಲೂ ಆಸೆಯಿರುವ,
ಮೂಕಾಂಬಿಕಾ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಎರಡು ದಿನ ಮೇಜಿನ ಮೇಲಿತ್ತು. ಈಗ ಒಡೆದು ಬರೆಯುತ್ತಿದ್ದೇನೆ.

ಹರಿಣಾಕ್ಷಿ ಬೇಡವೆನ್ನಲಿಲ್ಲ. ಆ ಮಾತು ಅವಳದಲ್ಲ, ನಾನು ಅವಳ ಬಾಯಿಗೆ ಹಾಕಿದ್ದು. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸುಹರಾ ಟೀಚರಿಗೆ ನೀವೇ ಹೇಳಿ, ಕಿಟಕಿ ಬದಿಯ ಸೀಟು ಅವರಿಗೆ." "ಅವಳಿಗೆ ಮಂಡಿನೋವು, ಬರುದಿಲ್ಲವಂತೆ" ಎಂದೆ ನಾನು. ವಿಚಾರಿಸಲು ನಿನಗೆ ಫೋನ್ ಮಾಡುತ್ತೇನೆಂದಳು. "ಬೇಡ, ಮಲಗಿರ್ತಾಳೆ, ನಾನೇ ಹೇಳ್ತೇನೆ" ಎಂದೆ. ಗದ್ದಿಗೆಯಲ್ಲೂ ಅವಳೇ, "ಸುಹರಾ ಟೀಚರ್ ಇದ್ದಿದ್ರೆ ಎಲ್ಲ ಬಿಡಿಸಿ ಹೇಳ್ತಿದ್ರು" ಎಂದು ಪೇಚಾಡಿದಳು.

ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ರಮೀಝನ ಮದುವೆಯಲ್ಲಿ ನಾವಿಬ್ಬರೂ ತೆಗೆಸಿದ ಫೋಟೋ ನೋಡಿ ಭಜನೆಯಲ್ಲಿ ಒಬ್ಬರು ಕೇಳಿದ್ದರು, "ನೀವು ಅಲ್ಲಿ ಊಟವೂ ಮಾಡುದಾ?" ನಗುತ್ತಲೇ ಕೇಳಿದ್ದು. ಮತ್ತೆ ಯಾರೂ ಏನೂ ಹೇಳಲಿಲ್ಲ, ಯಾರೂ ಹೆದರಿಸಲಿಲ್ಲ. ಅಷ್ಟು ಸಾಕಾಯಿತು ನನಗೆ.

ಮಡಿಕೇರಿಯಿಂದ ಹೊರಡುವಾಗ ಹರಿಣಾಕ್ಷಿ ನಿನ್ನ ಮಂಡಿಗೆಂದು ಅಂಗಡಿಯಿಂದ ನೀಲಗಿರಿ ಎಣ್ಣೆಯ ಬಾಟ್ಲಿ ತೆಗೆದು ನನ್ನ ಕೈಯಲ್ಲಿ ಕೊಟ್ಟಳು. "ಟೀಚರಿಗೆ ತಲುಪಿಸಿ ಆಯ್ತಾ" ಎಂದಳು. ಅದು ನನ್ನ ಕಪಾಟಿನಲ್ಲಿ ಉಂಟು. ನಿನ್ನನ್ನು ಬೇಡವೆಂದವರು ಆ ಗಾಡಿಯಲ್ಲಿ ಯಾರೂ ಇರಲಿಲ್ಲ ಸುಹರಾ. ನಾನೊಬ್ಬಳೇ ಇದ್ದದ್ದು.