ಅಪ್ಪನಿಗೆ ಉಳಿದಿದ್ದ ಒಂದೇ ಮಾತು

ಪ್ರೀತಿಯ ಅಪ್ಪನಿಗೆ,

ನಿನ್ನ ಗ್ರೇಸಿ ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಮೂರು ಸಲ ಕೂತು ಮೂರು ಸಲವೂ ಎದ್ದೆ. ಒಮ್ಮೆ ನೀರು ಹಿಡಿಯಲು, ಒಮ್ಮೆ ಅಕ್ಕಿ ಆರಿಸಲು, ಇನ್ನೊಮ್ಮೆ ಸುಮ್ಮನೆ ಬಾಗಿಲವರೆಗೆ. ನೀನು ತೀರಿಹೋಗಿ ಆರು ವರ್ಷವಾಯಿತು. ನಿನ್ನನ್ನು ಕೇಳಬೇಕಾದದ್ದು ಒಂದಿದೆ, ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ಯಾವುದನ್ನು ಮೊದಲು ಬರೆಯಲಿ?

ಊಟಕ್ಕೆ ಮುಂಚೆ ನೀನು ಮಾಡುತ್ತಿದ್ದ ಪ್ರಾರ್ಥನೆ ನೆನಪಾಗುತ್ತದೆ. ದೊಡ್ಡಬಳ್ಳಾಪುರದ ನಮ್ಮ ಸಭೆಗೆ ನೀನು ಉಪದೇಶಿ. ವಾರವೆಲ್ಲ ಸೈಕಲ್ ತುಳಿದು ಹಳ್ಳಿಗಳಲ್ಲಿದ್ದ ನಮ್ಮವರ ಮನೆಗಳಿಗೆ ಹೋಗಿ ಪ್ರಾರ್ಥಿಸಿ ಬರುವುದು ನಿನ್ನ ಕೆಲಸ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುದ್ದೆ ಆರುತ್ತಿದ್ದರೂ ದೇವರಿಗೆ ನಿನ್ನ ಕೃತಜ್ಞತೆಯ ಸ್ತೋತ್ರ ಮುಗಿಯುತ್ತಿರಲಿಲ್ಲ. "ಕರ್ತನೇ, ಇವತ್ತು ಮಧುರೆ ಹಳ್ಳಿ ದಾರೀಲಿ ಸೈಕಲ್ ಪಂಕ್ಚರ್ ಆಯ್ತು, ಅದಕ್ಕೂ ಸ್ತೋತ್ರ. ಆಗ್ದೇ ಇದ್ದಿದ್ರೆ ಆ ಅಜ್ಜಿ ಹತ್ರ ಕೂತು ಮಾತಾಡ್ತಾನೇ ಇರ್ಲಿಲ್ಲ." ನಾನು ಒಂದು ಕಣ್ಣು ತೆರೆದು, "ಅಪ್ಪಾ, ಸಾರು ತಣ್ಣಗಾಯ್ತು" ಎಂದರೆ, "ತಣ್ಣಗಿರೋ ಸಾರಿಗೂ ಸ್ತೋತ್ರ, ಆಮೆನ್" ಎಂದು ನೀನು ನಗುತ್ತಿದ್ದೆ.

ಸುಗ್ಗಿ ಹಬ್ಬದ ಆ ಭಾನುವಾರ ಜನರೆಲ್ಲ ರಾಗಿ, ಕುಂಬಳಕಾಯಿ, ಕೋಳಿ ತಂದು ದೇವಾಲಯದ ಮುಂದೆ ಇಟ್ಟಿದ್ದರು. ನೀನು ಪ್ರಾರ್ಥನೆಗೆಂದು ಎದ್ದು ನಿಂತವನು ಹಾಗೆಯೇ ಪಕ್ಕಕ್ಕೆ ವಾಲಿ ಬಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ನೀನು ನನ್ನ ಮುಖ ನೋಡಿ ಬಾಯಿ ತೆರೆದೆ. ನನ್ನ ಹೆಸರು ಬರಲಿಲ್ಲ. ಬಂದದ್ದು "ಸ್ತೋತ್ರ."

"ಮೆದುಳಿಗೆ ಪೆಟ್ಟಾದಾಗ ಹೀಗಾಗತ್ತಮ್ಮ" ಎಂದರು ಡಾಕ್ಟರು. "ಜಾಸ್ತಿ ಬಳಸಿದ ಪದ ಒಂದೋ ಎರಡೋ ಉಳ್ಕೊಳ್ಳತ್ತೆ. ಬೇಕು ಅಂತ ಹೇಳೋದಲ್ಲ ಅದು."

ಸಭೆಯವರಿಗೆ ಮಾತ್ರ ಅದು ದೊಡ್ಡ ಅದ್ಭುತ. ಗುಂಪು ಗುಂಪಾಗಿ ಬಂದು ನಿನ್ನ ಹಾಸಿಗೆಯ ಸುತ್ತ ನಿಲ್ಲುತ್ತಿದ್ದರು. "ನೋಡಮ್ಮಾ ಗ್ರೇಸಿ, ಎಲ್ಲಾ ಹೋದ್ರೂ ದೇವ್ರು ಬಾಯಲ್ಲಿ ಸ್ತೋತ್ರ ಒಂದು ಉಳಿಸವ್ನೆ!" ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ನಿನ್ನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಹುಣ್ಣು ತೊಳೆಯುತ್ತಿದ್ದವಳು ನಾನು. ನೋವಿಗೆ ಮುಖ ಕಿವುಚಿ ಆಗಲೂ ನೀನು ಕೂಗುತ್ತಿದ್ದದ್ದು ಅದನ್ನೇ. ಅದು ದೇವರನ್ನು ಕೊಂಡಾಡುವುದೇ ಅಪ್ಪಾ? ಆ ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು. ಭಾನುವಾರದ ಆರಾಧನೆಗೆ ಹೋಗುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಪಕ್ಕದ ಮನೆಯಲ್ಲಿ ಲಕ್ಷ್ಮಕ್ಕನ ಮಗ್ಗಗಳಿಗೆ ನೂಲು ಸುತ್ತುತ್ತ ಕೂತಿದ್ದೆ. ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಗೋಡೆಯಾಚೆಯಿಂದ ನಿನ್ನ ದನಿ ಕೇಳಿಸಿತು. ನಾನು ಕದಲಲಿಲ್ಲ.

"ಹೋಗೇ, ನಿಮ್ಮಪ್ಪ ನೀರು ಕೇಳ್ತಾವ್ರೆ" ಎಂದಳು ಲಕ್ಷ್ಮಕ್ಕ.

"ಅವ್ರು ಯಾವಾಗ್ಲೂ ಹೇಳೋದು ಅದೊಂದೇ ಅಲ್ವೇನಕ್ಕ?"

"ಪದ ಒಂದೇ ಕಣೇ, ರಾಗ ಒಂದೇನಾ? ನೀರು ಬೇಕಾದ್ರೆ ಕೊನೇಲಿ ಎಳೀತಾರೆ. ನೊಣ ಕೂತ್ರೆ ಗದರ್ತಾರೆ. ಕರೆಂಟ್ ಹೋದಾಗೆಲ್ಲ ನಾನು ಗೋಡೆ ಈಚೆಯಿಂದ್ಲೇ ಕೇಳಿಸ್ಕೊಂಡಿದೀನಿ. ನೀನು ಎದುರಿಗಿದ್ದೂ ಕೇಳ್ಲಿಲ್ವಲ್ಲೇ!"

ಎದ್ದು ಬಂದೆ. ನಿನಗೆ ಬೇಕಾಗಿದ್ದದ್ದು ನೀರೇ. ನಮ್ಮ ಸಭೆಯ ಮೆಟ್ಟಿಲನ್ನೇ ಹತ್ತದ ಲಕ್ಷ್ಮಕ್ಕನಿಗೆ ನಿನ್ನ ಸ್ತೋತ್ರ ಅರ್ಥವಾಗಿತ್ತು, ಹುಟ್ಟಿದಾಗಿನಿಂದ ಕೇಳಿದ ನನಗೆ... ಅಂದಿನಿಂದ ಕಿವಿಗೊಟ್ಟೆ. ನನ್ನನ್ನು ಕರೆಯುವ ದನಿ ಬೇರೆ, ಅಮ್ಮನ ಫೋಟೋ ನೋಡುವಾಗಿನದು ಬೇರೆ, ಉಪ್ಪಿಲ್ಲದ ಗಂಜಿಗೆ ನನ್ನನ್ನು ಬೈಯುವುದು ಬೇರೆ. ನೀನು ಬೈದೆಯೆಂದು ತಿಳಿದ ದಿನ ಇಬ್ಬರೂ ಎಷ್ಟು ನಕ್ಕೆವು!

ದೇವನಹಳ್ಳಿಯ ಸಂಬಂಧ ಮುರಿದ ದಿನವನ್ನು ಮಾತ್ರ ಬರೆಯಲು ಕೈ ಬರುತ್ತಿಲ್ಲ. ನೀನು ಬೀಳುವ ಮೊದಲೇ ನನ್ನ ನಿಶ್ಚಿತಾರ್ಥವಾಗಿತ್ತು. ಹುಡುಗನ ತಾಯಿ ಬಂದು ಜಗಲಿಯಲ್ಲೇ ಕೂತು, "ಮದ್ವೆ ಆದ್ಮೇಲೆ ಅಪ್ಪನ್ನ ಯಾರಾದ್ರೂ ನೆಂಟ್ರ ಮನೇಲಿ ಬಿಡ್ಬೇಕಾಗತ್ತಮ್ಮ" ಎಂದರು. "ಬಿಡಕ್ಕಾಗಲ್ಲ" ಎಂದು ಹೇಳಿ ಉಂಗುರ ಬಿಚ್ಚಿ ಕೊಟ್ಟೆ. ಒಳಗೆ ಬಂದರೆ ನಿನ್ನ ಕಣ್ಣು ಬಾಗಿಲಲ್ಲೇ ಇತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದೆ ನೀನು. ಮೆಲ್ಲಗೆ "ಸ್ತೋತ್ರ" ಎಂದೆ. ಹಿಂದೆಂದೂ ಕೇಳಿರದ ರಾಗ.

"ಇದಕ್ಕೂನಾ ಅಪ್ಪಾ? ನನ್ನ ಮದ್ವೆ ನಿಂತಿದ್ದಕ್ಕೂ ಸ್ತೋತ್ರಾನಾ?" ಎಂದು ಕಿರುಚಿ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದೆ. ನಿನ್ನ ಎಡಗೈ ನನ್ನ ಸೆರಗು ಹಿಡಿಯಿತು. ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ನಿನ್ನ ಕಣ್ಣಲ್ಲಿ ನೀರಿತ್ತು. ನಾನು ಸೆರಗು ಕಿತ್ತುಕೊಂಡು ಹೊರಟುಹೋದೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದು ಸಂಜೆ ಮನೆಗೆ ಬಂದಾಗ ಲಕ್ಷ್ಮಕ್ಕ ಗೋಡೆ ಒರೆಸಿ ನಿನಗೆ ಉಣ್ಣಿಸಿದ್ದಳು.

ಎರಡು ತಿಂಗಳಿಗೆ ನೀನು ಹೋದೆ. ಅಂದು ಏನು ಹೇಳಿದೆ ಅಪ್ಪಾ? "ಕ್ಷಮಿಸು ಮಗಳೇ" ಎಂದೆಯಾ? "ನನ್ನನ್ನು ಬಿಡಲಿಲ್ಲವಲ್ಲ" ಎಂದೆಯಾ? ಅಥವಾ ಅಂಥ ಮನೆಗೆ ನಾನು ಹೋಗದೆ ಉಳಿದೆನೆಂದು... ಕೆಲಸ ಮಾಡುತ್ತ ಮಾಡುತ್ತ ಆ ರಾಗವನ್ನು ನಾನೇ ಹೇಳಿಕೊಂಡು ನೋಡುತ್ತೇನೆ. ಒಂದೊಂದು ದಿನ ಒಂದೊಂದು ಅರ್ಥ.

ಇನ್ನು ಹೇಳಬೇಕಾದದ್ದು. ಹೋದ ತಿಂಗಳು ಬೂದಿಗೆರೆಯಿಂದ ಎಸ್ತರಮ್ಮ ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ನಿನ್ನ ಒಂದೇ ಪದದ ರಾಗಗಳು ನನಗೆ ತಿಳಿಯುತ್ತಿದ್ದವೆಂದು ಹೇಳಿ ನಮ್ಮ ಸಭೆಯ ಅಯ್ಯನವರು ಕಳಿಸಿದ್ದರಂತೆ. ಅವರ ಗಂಡ ಗಾರೆ ಕೆಲಸದವರು, ನಿನ್ನಂತೆಯೇ ಬಿದ್ದಿದ್ದಾರೆ. ಅವರಲ್ಲಿ ಉಳಿದಿರುವ ಪದ "ಹೋಗು." "ಮೂವತ್ತು ವರ್ಷ ಬಾಳಿದೀನಮ್ಮ, ಈಗ ದಿನಾ ಹೋಗು ಹೋಗು ಅಂತಾವ್ರೆ" ಎಂದು ಆಕೆ ಅತ್ತರು. ಶನಿವಾರ ಬಸ್ಸು ಹತ್ತಿ ಹೋದೆ. ಆತನ ಎದುರು ಎರಡು ಗಂಟೆ ಆ ದನಿಗೆ ಕಿವಿಗೊಟ್ಟು ಕೂತೆ. ಆಮೇಲೆ ಹೇಳಿದೆ, "ಎಸ್ತರಮ್ಮ, ಒಂದ್ಸಲ ಬಾಗ್ಲತ್ರ ಹೋಗಿ." ಆಕೆ ಹೋದರು. ಆತನ ದನಿ ಏರಿತು. "ಈಗ ವಾಪಸ್ ಬನ್ನಿ." ದನಿ ಇಳಿಯಿತು. "ನೋಡಿ, ಹತ್ರ ಇರು ಅಂತಾವ್ರೆ." ಎಸ್ತರಮ್ಮ ನೆಲಕ್ಕೆ ಕುಸಿದು ಆತನ ಪಾದ ಹಿಡಿದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳ ಬಾಯಿಂದ ತಾನಾಗಿ ಬಂತು, "ಕರ್ತನೇ, ಸ್ತೋತ್ರ." ನೀನು ಬಿದ್ದದ್ದಕ್ಕಲ್ಲ. ಅದು ನನ್ನಿಂದ ಇಂದಿಗೂ ಆಗದು, ಕೇಳಬೇಡ. ನೀನು ಹಾಸಿಗೆ ಹಿಡಿದಿದ್ದ, ನಾನು ಎಷ್ಟೋ ಸಲ ಶಪಿಸಿದ ಆ ಹನ್ನೊಂದು ತಿಂಗಳಿಗೆ, ಲಕ್ಷ್ಮಕ್ಕನ ಕಿವಿಗೆ, ನಿನ್ನ ಬಳಿ ಇದ್ದೆನಲ್ಲ ಎಂಬುದಕ್ಕೆ. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು. ನೋಡಲಿ ಎಂದುಕೊಂಡೆ.

ನಿನ್ನೆ ಎಸ್ತರಮ್ಮ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದರು. ಆತ ಈಗ "ಎಸ್... ಎಸ್..." ಎಂದು ಶುರುಮಾಡಿ ನಿಲ್ಲುತ್ತಾರಂತೆ. "ನನ್ನ ಹೆಸ್ರಾ ಗ್ರೇಸಮ್ಮ?" ಎಂದು ಆಕೆ ಕೇಳಿದರು. ಗೊತ್ತಿಲ್ಲ ಅಪ್ಪಾ. ನಾಳೆ ಮೊದಲ ಬಸ್ಸಿಗೇ ಹೊರಡುತ್ತೇನೆ. ಉಳಿದರ್ಧ ಬರುವವರೆಗೆ ಪ್ರತಿ ಶನಿವಾರ ಹೋಗುತ್ತೇನೆ.

ನಿನ್ನ ಮಗಳು,
ಗ್ರೇಸಿ