ಬನಿಯಾಸ್ ದಾರಿಯಲ್ಲಿ ನಿಂತ ಹಾಡು

ಅಲ್ ಬರ್ಷಾ, ದುಬೈ
15 ನವೆಂಬರ್ 2019, ಶುಕ್ರವಾರ

ಮುದ್ದಿನ ಅಶ್ಮಿತಾ,

ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಊಟದ ಕೌಂಟರಿನ ಕಡೆ ಕತ್ತು ತಿರುಗಿಸಿರುವ ಅತಿಥಿಗಳೇ, ಸಂಘದ ಸಮಸ್ತ ಬಂಧುಗಳೇ! ಆರೋಪಿ ಜಯಪಾಲ, ವಯಸ್ಸು ನಲವತ್ತಾರು, ಕನ್ನಡ ಮಾಧ್ಯಮದ ಬಿ.ಎ., ಮಗಳ ಹಾಡನ್ನು ಅರ್ಧದಲ್ಲಿ ನಿಲ್ಲಿಸುತ್ತಾನೆಂಬ ದೂರಿಗೆ ಈ ಸಭೆಯ ಮುಂದೆ ಉತ್ತರ ಕೊಡಲಿದ್ದಾನೆ. ಸಭೆಯಲ್ಲಿರುವುದು ನೀನೊಬ್ಬಳೇ. ಎದ್ದು ಹೋಗಬೇಡ ಮಾರಾಯ್ತಿ.

ಮೊದಲು ಆರೋಗ್ಯ. ಕೆಮ್ಮು ಕಡಿಮೆಯಾಯಿತಾ? ಹಾಸ್ಟೆಲಿನ ನೀರಿಗೆ ಕೂದಲು ಉದುರುವುದು ನಿಂತಿತಾ? ಅಮ್ಮನಿಂದ ಸುದ್ದಿ ಸಿಗುತ್ತದೆ, ಆದರೆ ಅವಳು ನಿನ್ನ ಅರ್ಧ ಗಂಟೆಯ ಮಾತನ್ನು ನನಗೆ ಎರಡು ಸಾಲು ಮಾಡಿ ಬಡಿಸುತ್ತಾಳೆ. ನನಗೆ ನೀನು ಕಳಿಸುವುದು ಹೆಬ್ಬೆರಳಿನ ಚಿತ್ರ ಮಾತ್ರ. ಆಗಸ್ಟಿನಲ್ಲಿ ಮಣಿಪಾಲದ ಕಾಲೇಜಿಗೆ ಹೊರಡುವ ದಿನ ನೀನು ಜೋರಾಗಿ ಹಾಡು ಹಾಕಿಕೊಂಡು ಪೆಟ್ಟಿಗೆ ತುಂಬುತ್ತಿದ್ದೆ. "ನಾಳೆಯಿಂದ ಈ ಗಲಾಟೆ ಇಲ್ಲ, ಮನೆ ತಣ್ಣಗಿರ್ತದೆ" ಅಂದೆ ನಾನು. ತಮಾಷೆಗೆ ಅಂದದ್ದು. "ಓಕೆ ಪಪ್ಪ, ಎಂಜಾಯ್" ಅಂದವಳು ಇವತ್ತಿನವರೆಗೆ ನನ್ನೊಡನೆ ಮಾತಾಡಿಲ್ಲ. ಅದಕ್ಕೇ ಈ ಕಾಗದ, ಅದೂ ಕನ್ನಡದಲ್ಲಿ. ರಜೆಯ ದಿನಗಳಲ್ಲಿ ಪ್ರಾಸ ಕಟ್ಟಿ ಕಟ್ಟಿ ನಿನಗೆ ಕಲಿಸಿದ ಅಕ್ಷರಗಳಿವು. ಕೂಡಿಸಿ ಓದಲೇಬೇಕು, ಹಾರಿಸಿ ಓಡಲಾಗದು.

ಇನ್ನು ಹಾಡಿನ ವಿಷಯ. ನೀನು ಹೋದ ಮೇಲೆ ಕಾರಿನಲ್ಲಿ ನಿನ್ನ ಹಾಡುಗಳ ಪಟ್ಟಿಯನ್ನೇ ಹಾಕತೊಡಗಿದೆ. ಗುರುವಾರ ಗುರುವಾರ ಬನಿಯಾಸ್‌ನಲ್ಲಿರುವ ನಮ್ಮ ಆಫೀಸಿನ ಗೋದಾಮಿಗೆ ಹೋಗಿ ಬರುವಷ್ಟು ದಾರಿಯೂ ಅದೇ. ಕೊರಿಯಾದ ಹುಡುಗರನ್ನು ಕೂದಲಿನ ಬಣ್ಣದಿಂದ ಗುರುತು ಹಿಡಿಯಲು ಕಲಿತಿದ್ದೆ. ಹೊಸ ವೀಡಿಯೋದಲ್ಲಿ ಎಲ್ಲರೂ ಬಣ್ಣ ಬದಲಿಸಿ ನನ್ನನ್ನು ಮತ್ತೆ ಒಂದನೇ ಕ್ಲಾಸಿಗೆ ಹಾಕಿದರು. ಇಂಗ್ಲೆಂಡಿನ ಆ ತುಂಬು ಕಂಠದ ಹೆಣ್ಣುಮಗಳು ಹನ್ನೊಂದು ಹಾಡು ಪೂರ್ತಿ ಒಬ್ಬನನ್ನು ಬೈದು ಹನ್ನೆರಡನೆಯದರಲ್ಲಿ ಕ್ಷಮಿಸುತ್ತಾಳೆ. ನನಗೆ ಹನ್ನೆರಡನೆಯದೇ ಇಷ್ಟ. ನೈಜೀರಿಯಾದವನ ಹಾಡು ಕೇಳಿ ನಮ್ಮ ಗೋದಾಮಿನ ವಾಚ್‌ಮನ್ ಗೇಟು ತೆರೆಯುವುದನ್ನು ಮರೆತು ಕುಣಿದ. ಅರ್ಥ ಒಂದೂ ಆಗುವುದಿಲ್ಲ. ಭಾಷೆ ಕಾಡು, ಆದರೂ ಬಿಡದು ಹಾಡು. ಪ್ರಾಸ ನೋಡು!

ಒಂದು ಗುರುವಾರ ಹೆದ್ದಾರಿಯಲ್ಲಿ ಹಾಡು ಫಕ್ಕನೆ ನಿಂತಿತು. ಮರುವಾರ ಪುನಃ. ಕಾರಿನದೇ ದೋಷವೆಂದು ಎರಡು ಸಲ ಗ್ಯಾರೇಜಿಗೆ ಕೊಂಡುಹೋದೆ. ಕೊನೆಗೆ ಜೊತೆಗಿದ್ದ ಶುಕೂರ್, ನಮ್ಮ ಆಫೀಸಿನವನೇ, ಉಳ್ಳಾಲದವನು, ಫೋನ್ ನೋಡಿ ನಕ್ಕ: "ಜಯಣ್ಣ, ಕಾರಿಗೆ ಎಂತದೂ ಆಗ್ಲಿಲ್ಲ. ಮಗಳು ಅಲ್ಲಿ ಹಾಡು ಹಾಕಿದ್ಲು, ಇಲ್ಲಿ ನಿಮ್ಮದು ಖಲಾಸ್." ಹಾಡಿನ ಆ್ಯಪಿನಲ್ಲಿ ನಮ್ಮಿಬ್ಬರದು ಒಂದೇ ಅಕೌಂಟು, ಒಂದು ಸಲಕ್ಕೆ ಒಬ್ಬರಿಗೇ ಹಾಡಂತೆ. ಕಳೆದ ವಾರ ಗೋದಾಮಿನ ಪಾರ್ಕಿಂಗಿನಲ್ಲಿ ಕೂತು ನಾನು ಒತ್ತಿದೆ, ನೀನು ಅಲ್ಲಿಂದ ಒತ್ತಿದೆ. ಒಂದೇ ಹಾಡಿಗೆ ಏಳು ಸಲ ಕಿತ್ತಾಡಿದೆವು. ಸಂಜೆ ಅಮ್ಮನಿಗೆ ನಿನ್ನ ದೂರು ಬಂತು: "ಟೆಲ್ ಪಪ್ಪ ಟು ಗೆಟ್ ಹಿಸ್ ಓನ್ ಅಕೌಂಟ್!"

ಆರೋಪಿಯ ಉತ್ತರ: ಎರಡನೆಯ ಅಕೌಂಟು ಶುದ್ಧ ದುಂದು. ಒಂದು ಮನೆಗೆ ಎರಡು ಅಕ್ಕಿಡಬ್ಬ ಯಾಕೆ? ವಾದ ಮುಗಿಯಿತು, ಚಪ್ಪಾಳೆ.

ಖರ್ಜೂರ, ಬಾದಾಮಿ, ಕೆಮ್ಮಿಗೆ ಹಚ್ಚುವ ಎಣ್ಣೆ ಅಮ್ಮ ಕಟ್ಟಿಟ್ಟಿದ್ದಾಳೆ. ಊರಿಗೆ ಹೊರಟ ಶುಕೂರ್ ಕಾಗದದ ಜೊತೆ ತಂದುಕೊಡುತ್ತಾನೆ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ರಿಸು, ದೇವರು ನಿನ್ನ ಬೆನ್ನಿಗಿರಲಿ.

ಸಭೆ ಮುಗಿದರೂ ಮೈಕು ಬಿಡದ
ನಿನ್ನ ಪಪ್ಪ,
ಜಯಪಾಲ

ತಾ.ಕ.: ಶುಕೂರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ದುಂದು ಅಂದದ್ದು ಸುಳ್ಳು. ಇಬ್ಬರೂ ಒಟ್ಟಿಗೇ ಕೇಳುವ ಪ್ಲಾನ್ ಇದೆ, ತೆಗೆದುಕೊಳ್ಳಲು ಎರಡು ನಿಮಿಷ ಸಾಕು. ಆದರೆ ಆಮೇಲೆ ನನ್ನ ಹಾಡು ನಿಲ್ಲುವುದೇ ಇಲ್ಲ. ಈಗ ಅದು ನಿಂತ ಕೂಡಲೇ ನನಗೆ ಗೊತ್ತಾಗುತ್ತದೆ, ನೀನು ಎದ್ದಿದ್ದಿ, ಹಾಡು ಕೇಳುವಷ್ಟು ಖುಷಿಯಲ್ಲಿದ್ದಿ ಅಂತ. ಆ ಹೆಬ್ಬೆರಳು ಬಿಟ್ಟರೆ ಮೂರು ತಿಂಗಳಿಂದ ನಿನ್ನಿಂದ ನನಗೆ ನೇರ ಬರುವ ಸುದ್ದಿ ಅದೊಂದೇ. ಆ ದಿನ ಹಾಗೆ ಹೇಳಬಾರದಿತ್ತು ಮಗಾ, ತಪ್ಪಾಯಿತು. ಒಂದು ಫೋನ್ ಮಾಡು. ಪ್ಲಾನ್ ಆವತ್ತೇ.