ಕ್ಯಾಪ್ಟನ್ ಹಾಕಿದ ಗಂಟು

ಅಜ್ಜಂಪುರ
೩-೧೦-೧೯೬೪

ಪ್ರೀತಿಯ ಬದ್ರು,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ನಿನ್ನ ಮನೆಯವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈಯಬೇಡ. ಕೆಲಸವೇನೂ ಇರಲಿಲ್ಲ. ಸುಮ್ಮನೆ ಬರೆಯಲಿಲ್ಲ, ಅಷ್ಟೆ.

ನೀನು ಕೇಳಿದ ಸುದ್ದಿಗೇ ಬರುತ್ತೇನೆ. ಹೌದು, ನಮ್ಮ ಕಥೆಗಾರರನ್ನು ನೋಡಿದೆ. ಕಡೂರಿನಲ್ಲಿ ಅವರ ಭಾಷಣವಿತ್ತು. ಅತ್ತೆಯನ್ನೂ ಹೊರಡಿಸಿಕೊಂಡು ರೈಲಿನಲ್ಲಿ ಹೋದೆ. ಗ್ರಹ ನಕ್ಷತ್ರಗಳ ಕಥೆ ಬರೆಯುವವರು ಎತ್ತರವಾಗಿರುತ್ತಾರೆಂದು ನಾವು ಯಾಕೆ ಅಂದುಕೊಂಡಿದ್ದೆವೋ! ಕುಳ್ಳಗಿದ್ದಾರೆ. ನೆಗಡಿ ಬೇರೆ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು.

ತರೀಕೆರೆಯ ನಿಮ್ಮ ಮನೆ ಜಗಲಿಯಲ್ಲಿ ಇಬ್ಬರೂ ಒಂದೇ ಮಾಸಪತ್ರಿಕೆ ಹಿಡಿದು ಓದುತ್ತಿದ್ದೆವಲ್ಲ. ಚಂದ್ರನಿಗೆ ಹೊರಟ ಹಡಗು ದಾರಿಯಲ್ಲೇ ಕಾಣೆಯಾದ ಕಥೆ. ಅದರ ಕ್ಯಾಪ್ಟನ್ ಏನಾದರೂ ನೆನಪಿಡಬೇಕಾದರೆ ಟವೆಲ್ಲಿನ ತುದಿಗೆ ಗಂಟು ಹಾಕುತ್ತಿದ್ದ. ಆಮೇಲೆ ಇನ್ನೊಂದು ಕಥೆ ಬಂತು. ಮಂಗಳ ಗ್ರಹದಲ್ಲಿ ಬಾವಿ ತೋಡುವ ಹೆಸರಿಲ್ಲದ ಮುದುಕ. ಅವನ ಟವೆಲ್ಲಿಗೂ ಗಂಟು, ಯಾಕೆ ಹಾಕಿದ್ದೆಂದು ಅವನಿಗೇ ನೆನಪಿಲ್ಲ. ನೀನು ಕುಣಿದುಬಿಟ್ಟಿದ್ದೆ. "ಅದೇ ಆಳು ಕಣೇ ವಿಮಲಾ! ಸತ್ತಿಲ್ಲ. ಈ ಕಥೇಲಿ ಕಾಣೆಯಾದೋನು ಆ ಕಥೇಲಿ ಸಿಕ್ಕಿದಾನೆ ನೋಡು!" ಅಲ್ಲಿಂದಾಚೆ ಅವರ ಎಲ್ಲ ಕಥೆಗಳನ್ನೂ ಸೇರಿಸಿ ಒಂದೇ ಲೋಕ ಮಾಡಿಕೊಂಡೆವು.

ಗಡಿಯ ಯುದ್ಧದಲ್ಲಿ ನಮ್ಮನೆಯವರು ಕಾಣೆಯಾಗಿದ್ದಾರೆಂದು ತಂತಿ ಬಂದಾಗಲೂ ನೀನು ಬಂದು ಅದನ್ನೇ ಹೇಳಿದೆ, ಕಾಣೆಯಾದವರು ಇನ್ನೊಂದು ಕಥೆಯಲ್ಲಿ ಸಿಗುತ್ತಾರೆಂದು. ಬೇರೆಯವರ ಸಮಾಧಾನ ಒಂದೂ ನೆನಪಿಲ್ಲ, ಅದೊಂದು ನೆನಪಿದೆ. ಹೋದ ವರ್ಷ ಪಿತೃಪಕ್ಷದಲ್ಲಿ ಅತ್ತೆ, "ನನ್ ಮಗಂಗೂ ಒಂದ್ ಎಡೆ ಇಡಾನ ಕಣವ್ವ. ಹಸ್ಕಂಡು ಅಲೀತಾ ಇದ್ರೆ?" ಎಂದು ಅತ್ತರು. ಎಡೆ ಸತ್ತವರಿಗೆ, ಇವರಿಗೇಕೆ ಎಂದು ನಾನು ಜಗಳವಾಡಿದೆ. ಇಡಲು ಬಿಡಲಿಲ್ಲ.

ಭಾಷಣ ಮುಗಿದ ಮೇಲೆ ಕಥೆಗಾರರ ಹತ್ತಿರ ಹೋಗಿ ಕೇಳಿಯೇ ಕೇಳಿದೆ, ಬಾವಿ ತೋಡುವವನು ಆ ಕ್ಯಾಪ್ಟನ್ನೇ ಅಲ್ಲವೇ ಎಂದು. ಅವರು ನಕ್ಕರು.

"ಇಲ್ಲಮ್ಮ, ಅವು ಬೇರೆ ಬೇರೆ ಕಥೆ. ಗಂಟು ಹಾಕೋದು ನಮ್ಮ ತಾಯಿ ಅಭ್ಯಾಸ. ಒಂದ್ಸಲ ಬರೆದಿದ್ದು ಮರೆತು ಇನ್ನೊಂದ್ಸಲ ಬರೆದುಬಿಟ್ಟಿದೀನಿ."

"ಹಾಗಾದ್ರೆ ಕ್ಯಾಪ್ಟನ್?"

"ಅವನು ಸತ್ತ. ಹಡಗೇ ಹೋಯ್ತಲ್ಲ."

ಒಳ್ಳೆಯ ಮನುಷ್ಯರು, ನಯವಾಗಿಯೇ ಹೇಳಿದರು. ನಾನು "ಸರಿ ಸಾರ್" ಎಂದೆ.

ವಾಪಸ್ಸು ಬರುವಾಗ ರೈಲಿನಲ್ಲಿ ಕಡಲೆಕಾಯಿ ತಿಂದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಅತ್ತೆಯೇ ನನ್ನ ಕೈ ಹಿಡಿದುಕೊಂಡು, "ಬರ್ದೋನ್ಗೇ ನೆಪ್ಪಿಲ್ವಂತೆ. ಅವ್ನ್ ಮಾತ್ ಏನ್ ನಂಬ್ತೀಯ, ಬಿಡವ್ವ" ಎಂದರು. ಬೀರೂರು ದಾಟಿದ್ದೂ ನನಗೆ ತಿಳಿಯಲಿಲ್ಲ. ಅವತ್ತಿನಿಂದ ಹೀಗೇ ಇದ್ದೇನೆ ಬದ್ರು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದರೂ ಗೊತ್ತಾಗುವುದಿಲ್ಲ. ನಿನ್ನ ಮೇಲೆ ಒಂದಿಷ್ಟೂ ಕೋಪವಿಲ್ಲ.

ನಿನ್ನ ತಾಯಿ ರಹಮತ್ ಬಿ ಅವರಿಗೆ ನನ್ನ ಸಲಾಂ ತಿಳಿಸು. ನಿನ್ನ ಮಗು ನೂರು ಕಾಲ ಸುಖವಾಗಿ ಬಾಳಲಿ. ಅದಕ್ಕೆ ಬುದ್ಧಿ ಬಂದ ಮೇಲೆ ಆ ಕಥೆಗಳನ್ನು ನೀನು ಓದಿದ ಹಾಗೇ ಓದಿ ಹೇಳು.

ನಿನ್ನ
ವಿಮಲ

ಮರೆತಿದ್ದೆ: ನಾಡಿದ್ದು ಮಹಾಲಯ ಅಮಾವಾಸ್ಯೆ. ಎಡೆಯ ಮುಂದೆ ಇಡಲು ಪ್ರತಿ ವರ್ಷ ಮಾವನವರ ಹೆಸರಿನಲ್ಲಿ ಒಂದು ಹೊಸ ಪಂಚೆ ತರುತ್ತೇವೆ. ಈ ಸಲ ಎರಡು. ಅತ್ತೆ ಬಾಯಿ ಬಿಟ್ಟು ಕೇಳಿರಲಿಲ್ಲ, ತರಿಸಿದವಳು ನಾನೇ. ಎರಡಕ್ಕೂ ಅರಿಶಿನ ಹಚ್ಚಿ ಮಡಿಸುವಾಗ ಇವರ ಪಂಚೆಯ ತುದಿಗೆ ಒಂದು ಗಂಟು ಹಾಕಿದೆ. ಅತ್ತೆ ನೋಡಿದರು. ಬಿಚ್ಚಲಿಲ್ಲ.